ಹುಲ್ಲು ಹೊಡೆಯುವ ಮಷಿನ್ನೂ ಬತ್ತಿಯ ಹತ್ತಿಯೂ

ನಮ್ಮ ಮನೆಯ ದೇವರ ಗೂಡಿನಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ. ಬತ್ತಿ ಹೊಸೆಯುವ ಹತ್ತಿ ಇಡುವ ಡಬ್ಬಿ. ಮೊದಲೆಲ್ಲ ಒಮ್ಮೆ ತುಂಬಿದರೆ ಮುಂದಿನ ಹಬ್ಬದವರೆಗೆ ಯೋಚನೆ ಇರುತ್ತಿರಲಿಲ್ಲ. ಈಚೆಗೆ ನೋಡನೋಡುತ್ತಲೇ ತಳ ಕಾಣಿಸುತ್ತದೆ. ನಮ್ಮ ಮನೆಯವರು ಇದನ್ನು ಗಮನಿಸಿ, ನಿನಗೆ ಭಕ್ತಿ ಜಾಸ್ತಿಯಾಯಿತೋ ಹೇಗೆ ಎಂದು ಕೇಳಿದರು. ಭಕ್ತಿ ಮೊದಲು ಎಷ್ಟಿತ್ತೋ ಅಷ್ಟೇ ಇದೆ. ಹತ್ತಿ ಹೋಗುತ್ತಿರುವುದು ನನ್ನ ಕಿವಿಗೆ.

ಐವತ್ತೆಂಟನೆಯ ವಯಸ್ಸಿನಲ್ಲಿ, ಮೂವತ್ತು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಮಗ್ಗಿ ಹೇಳಿಸಿ ನಿವೃತ್ತಳಾದ ಮೇಲೆ, ನಾನು ಹುಲ್ಲು ಹೊಡೆಯುವ ಮಷಿನ್ ಹಿಡಿದಿದ್ದೇನೆ. ನೀವು ನೋಡಿರುತ್ತೀರಿ, ರಸ್ತೆ ನಡುವಿನ ಗಿಡಗಳ ಸಾಲಿನಲ್ಲಿ ಕೆಲಸದವರು ಹೆಗಲಿಗೆ ಪಟ್ಟಿ ಹಾಕಿಕೊಂಡು ಗುಂಯ್ ಎನ್ನಿಸುತ್ತ ಹೋಗುತ್ತಾರಲ್ಲ, ಅದೇ. ಒಂದು ಉದ್ದನೆ ಪೈಪು, ಅದರ ಹಿಂದೆ ಎಳನೀರು ಗಾತ್ರದ ಪೆಟ್ರೋಲ್ ಎಂಜಿನ್, ಮುಂದೆ ಒಂದು ದುಂಡನೆ ಬಟ್ಟಲು. ಬಟ್ಟಲಿನಿಂದ ಎರಡು ನೈಲಾನ್ ದಾರ ಜಿರಳೆ ಮೀಸೆಯ ಹಾಗೆ ಹೊರಗೆ ಚಾಚಿರುತ್ತವೆ. ಬ್ಲೇಡಿಲ್ಲ, ಹಲ್ಲಿಲ್ಲ, ಬರೀ ದಾರ ತಿರುಗಿ ಹುಲ್ಲು ಕತ್ತರಿಸುತ್ತದೆ ಎಂದಾಗ ನಾನು ನಂಬಿರಲಿಲ್ಲ. ದಾರ ಏನೇನು ಕತ್ತರಿಸಬಲ್ಲದು ಎಂದು ಆಮೇಲೆ ಗೊತ್ತಾಯಿತು. ಆ ಮಾತಿಗೆ ಬರುತ್ತೇನೆ, ಅದಕ್ಕೆ ಮುಂಚೆ ಹತ್ತಿಯ ಕಥೆ ಮುಗಿಸಬೇಕು, ಹತ್ತಿಯ ಕಥೆ ಎಂದರೆ ನಮ್ಮ ಅತ್ತೆಯ ಕಥೆ.

ಅತ್ತೆಗೆ ಈಗ ಎಂಬತ್ತೊಂದು. ದಾವಣಗೆರೆ ಮಿಲ್ಲಿನ ಸೈರನ್ನಿಗೆ ಎದ್ದು ಸೈರನ್ನಿಗೆ ಉಣ್ಣುತ್ತಿದ್ದ ಕಾಲದಲ್ಲಿ ಅವರು ಒಂದು ಕಾಟನ್ ಮಿಲ್ಲಿನ ವೈಂಡಿಂಗ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಒಂದು ಬಾಬಿನ್ನಿನ ನೂಲನ್ನು ಇನ್ನೊಂದಕ್ಕೆ ಸುತ್ತುವ ಮಷಿನ್ನುಗಳ ಸಾಲು, ಅದರ ಮುಂದೆ ದಿನವಿಡೀ ಓಡಾಟ. ಎಲ್ಲಿ ಎಳೆ ಹರಿಯಿತೋ ಅಲ್ಲಿ ಹೋಗಿ ಗಂಟು ಹಾಕಿ ಮತ್ತೆ ಓಡಿಸುವುದು. ಆ ಸದ್ದಿನಲ್ಲಿ ಅವರ ಕಿವಿ ಸ್ವಲ್ಪ ಸ್ವಲ್ಪವೇ ಹೋಯಿತು. ನಾನು ಹರಿಹರದಿಂದ ಸೊಸೆಯಾಗಿ ಬರುವಷ್ಟರಲ್ಲಿ ಮುಕ್ಕಾಲು ಹೋಗಿತ್ತು. ಊರ ತುಂಬ ಹತ್ತಿ ಹಾರಾಡುತ್ತಿದ್ದ ಜಾಗದಲ್ಲಿ, ಕಿವಿಗೆ ಎರಡು ಉಂಡೆ ಇಟ್ಟುಕೊಳ್ಳಬೇಕೆಂದು ಆಗ ಒಬ್ಬರಿಗೂ ಹೊಳೆಯಲಿಲ್ಲ. ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಿದ್ದರಂತೆ, ತಲೆಗೆ ವಸ್ತ್ರ ಕಟ್ಟಿಕೊಳ್ಳುತ್ತಿದ್ದರಂತೆ, ಕಿವಿ ಮಾತ್ರ ಯಾರ ನೆನಪಿಗೂ ಬಂದಿಲ್ಲ.

ಇದರಿಂದ ನಮ್ಮ ಮನೆಯಲ್ಲಿ ಗುಟ್ಟು ಎಂಬ ಪದಾರ್ಥವೇ ಇಲ್ಲ. ವಿನೋಬನಗರದಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. ಮಧ್ಯಾಹ್ನಕ್ಕೆ ಬೆಂಡೆಕಾಯಿ ಪಲ್ಯ ಎಂದು ನಾನು ಅತ್ತೆಗೆ ಹೇಳಿದರೆ ಆ ಕಡೆ ನಾಲ್ಕು, ಈ ಕಡೆ ನಾಲ್ಕು ಮನೆಗೆ ಗೊತ್ತಾಗುತ್ತದೆ. ನನ್ನ ಮೊದಲ ಬಸಿರಿನ ಸುದ್ದಿ ಗಂಡನಿಗಿಂತ ಮೊದಲು ಹಾಲಿನವನಿಗೆ ತಿಳಿಯಿತು. ಕಿವಿಗೆ ಹಾಕುವ ಮಷಿನ್ ತಂದುಕೊಟ್ಟರೆ ಅದು ಮಿಲ್ಲಿನ ಹಾಗೇ ಗಿರ್ರ್ ಅನ್ನುತ್ತೈತೆ, ಬ್ಯಾಡ ಎಂದು ಕಳಚಿಟ್ಟರು.

ಆದರೆ ಅವರಿಗೆ ಬೇರೊಂದು ಭಾಷೆ ಬರುತ್ತಿತ್ತು. ಮಿಲ್ಲಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ ಅಲ್ಲಿಯ ಹೆಂಗಸರು ಕೈಸನ್ನೆಯಲ್ಲೇ ಸಂಸಾರ ಮಾಡುತ್ತಿದ್ದರು. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ಎಳೆ ಹರಿಯಿತು ಎಂದು. ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ ಕೈ ತಲೆಯ ಮೇಲಕ್ಕೆ ಎತ್ತಿದರೆ, ಗಂಟು ಬಿತ್ತು, ಓಡಿಸು ಎಂದು. ಈ ಎರಡೂ ನಮ್ಮ ಮನೆಗೆ ಬಂದು ಸೇರಿಕೊಂಡವು. ಗ್ಯಾಸ್ ಮುಗಿದರೆ ಕತ್ತರಿ, ಹೊಸ ಸಿಲಿಂಡರ್ ಬಂದರೆ ಗಂಟು. ನಾನೂ ನಮ್ಮ ಮನೆಯವರೂ ಮಾತು ಬಿಟ್ಟಿದ್ದರೆ ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ಕತ್ತರಿ ತೋರಿಸಿ ಹುಬ್ಬು ಹಾರಿಸುತ್ತಿದ್ದರು. ನಾನು ನಾಚಿಕೊಂಡು, ಮರುದಿನ, ಗಂಟಿನ ಸನ್ನೆ ಮಾಡುತ್ತಿದ್ದೆ.

ಈಗ ಹುಲ್ಲಿನ ಮಾತು. ನಮ್ಮ ಮನೆಯವರ ಹಿರಿಯರದು ಆನೆಕೊಂಡದ ಕಡೆ ಒಂದಿಷ್ಟು ಹೊಲವಿತ್ತು. ಅದು ಯಾವಾಗಲೋ ಕೈಬಿಟ್ಟುಹೋಗಿ, ಸುತ್ತ ಸೈಟುಗಳಾಗಿ, ಮನೆತನದ ಸಮಾಧಿಗಳಿರುವ ಮೂಲೆಯಷ್ಟೇ ಉಳಿದಿದೆ. ಮಾವನವರನ್ನು ಅಲ್ಲೇ ಮಣ್ಣು ಮಾಡಿದ್ದು. ಅವರ ತಲೆಯ ಕಡೆ ಅತ್ತೆ ಒಂದು ಬಿಲ್ವಪತ್ರೆಯ ಸಸಿ ನೆಟ್ಟರು. ನೆಟ್ಟಿದ್ದಷ್ಟೇ ಅಲ್ಲ, ಸೋಮವಾರ ಸೋಮವಾರ ಐದು ಲೀಟರಿನ ಕ್ಯಾನಿನಲ್ಲಿ ನೀರು ತುಂಬಿಕೊಂಡು ಆಟೋದಲ್ಲಿ ಹೋಗಿ ಹಾಕಿ ಬರುತ್ತಿದ್ದರು. ಅಲ್ಲಿ ಸಸಿಯ ಜೊತೆ ಮಾತಾಡುತ್ತಿದ್ದರು, ಅದೂ ಅವರ ಗಟ್ಟಿ ದನಿಯಲ್ಲಿ. ಮಗ ಮಂಡಿಪೇಟೆ ಅಂಗಡಿಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ಸೊಸೆಗೆ ಮಂಡಿನೋವು ಶುರುವಾಗೈತೆ, ಹೀಗೆ. ನಮ್ಮ ಕಾಯಿಲೆಗಳೆಲ್ಲ ಆನೆಕೊಂಡಕ್ಕೂ ಗೊತ್ತಾದವು.

ನೀರಿನ ಜೊತೆ ಕುಡುಗೋಲನ್ನೂ ಒಯ್ಯುತ್ತಿದ್ದರು. ಮಳೆ ಹಿಡಿದರೆ ಅಲ್ಲಿ ಕರಿಕೆ, ಜೇಕು, ಕಾಂಗ್ರೆಸ್ ಕಸ ಎಲ್ಲ ಸೇರಿ ಸೊಂಟದೆತ್ತರ ಬೆಳೆಯುತ್ತದೆ. ಕುಕ್ಕರಗಾಲಿನಲ್ಲಿ ಕೂತು ಅತ್ತೆ ಒಬ್ಬರೇ ಕೊಯ್ಯುತ್ತಿದ್ದರು. ಎರಡು ವರ್ಷದ ಕೆಳಗೆ ಹಾಗೆ ಕೂತವರು ಏಳುವಾಗ ಕಣ್ಣು ಕತ್ತಲಿಟ್ಟು ಸಮಾಧಿಯ ಕಲ್ಲಿನ ಮೇಲೆ ಬಿದ್ದರು. ಮೊಣಕೈ ತರಚಿತು, ಅಷ್ಟೇ. ಆದರೆ ಕುಡುಗೋಲು ಪಕ್ಕದಲ್ಲೇ ಇತ್ತು. ಆವತ್ತು ಅದನ್ನು ನಾನು ಅಟ್ಟದ ಮೇಲೆ ಹಾಕಿ, ಹರಿಹರದ ಅಣ್ಣನಿಗೆ ಫೋನ್ ಮಾಡಿದೆ.

ನಮ್ಮ ಅಣ್ಣ ಹರಿಹರದಲ್ಲಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವನು. ಮೂವತ್ತೈದು ವರ್ಷ ಒಂದು ಬೆರಳಿಗೂ ಏಟಾಗದೆ ಮನೆಗೆ ಬಂದೆ ಎಂಬುದು ಅವನ ಜೀವಮಾನದ ಹೆಮ್ಮೆ. ಮದುವೆ ಮನೆಯಲ್ಲಿ ಹೊಸಬರು ಸಿಕ್ಕರೂ ಹತ್ತೂ ಬೆರಳು ಅಗಲಿಸಿ ತೋರಿಸುತ್ತಾನೆ. ತನ್ನ ಹಿತ್ತಲಿಗೆಂದು ತಂದಿದ್ದ ಮಷಿನ್ ಕೊಡುತ್ತೇನೆ, ಆದರೆ ಇಲ್ಲಿಗೆ ಬಂದು ಕಲಿತರೆ ಮಾತ್ರ ಎಂದ.

ಕಲಿಸಲು ಅವನು ಕರೆದೊಯ್ದ ಹೊಳೆದಂಡೆಯ ಬಯಲಿಗೂ ನನಗೂ ಹಳೆ ಸಂಬಂಧ. ಚಿಕ್ಕವಳಿದ್ದಾಗ ಎಮ್ಮೆಗೆ ಹುಲ್ಲು ತರಲು ಅವ್ವ ಕಳಿಸುತ್ತಿದ್ದದ್ದು ಅಲ್ಲಿಗೇ. ನಾನು ಹುಲ್ಲು ಕಿತ್ತದ್ದಕ್ಕಿಂತ ತುಂಗಭದ್ರೆಯ ಮರಳಿನಲ್ಲಿ ಕಾಲು ಹೂತುಕೊಂಡು ಕೂತದ್ದೇ ಹೆಚ್ಚು. ಪುಟ್ಟಿಯ ತಳಕ್ಕೆ ಕಸಕಡ್ಡಿ, ಮೇಲೆ ಎರಡು ಹಿಡಿ ಹಸಿರು ಹುಲ್ಲು ಹೊದಿಸಿ ಮನೆಗೆ ಬರುತ್ತಿದ್ದೆ. ಎಮ್ಮೆ ಮೂತಿ ಹಾಕಿದ ಕೂಡಲೇ ಮೋಸ ಬಯಲಾಗುತ್ತಿತ್ತು. ಅದೇ ಜಾಗದಲ್ಲಿ ಐವತ್ತು ವರ್ಷದ ಮೇಲೆ ಅಣ್ಣ ನನ್ನನ್ನು ನಿಲ್ಲಿಸಿ, ಮೇಲಿಂದ ಕೆಳಗೆ ನೋಡಿ, ಸೀರೆ ಉಟ್ಟು ಇದನ್ನ ಮುಟ್ಟಬ್ಯಾಡ, ಸೆರಗು ಒಂದು ಸಲ ಸುತ್ತಿಕೊಂಡರೆ ನಿನ್ನನ್ನೂ ಸುತ್ತಿಕೊಂತೈತೆ ಎಂದ. ಅತ್ತಿಗೆ ಮನೆಗೆ ಕರೆದೊಯ್ದು ಅಣ್ಣನ ಹಳೆ ಪ್ಯಾಂಟು ಕೊಟ್ಟಳು. ಬೆಲ್ಟು ಸಾಲದೆ ಲಂಗದ ಲಾಡಿ ಬಿಗಿದೆವು. ಜೀವನದಲ್ಲಿ ಮೊದಲ ಸಲ ಪ್ಯಾಂಟು ಹಾಕಿ, ಮೇಲೆ ಅಣ್ಣನ ತುಂಬುತೋಳಿನ ಅಂಗಿ, ಕಾಲಿಗೆ ಅವನ ಕಾರ್ಖಾನೆ ಬೂಟು, ಕಣ್ಣಿಗೆ ದೊಡ್ಡ ಕನ್ನಡಕ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಅವರಲ್ಲಿ ಒಬ್ಬಾಕೆ ನನ್ನ ಸಹಪಾಠಿ.

ಅಣ್ಣ ಕಾರ್ಖಾನೆಯಲ್ಲಿ ಹೊಸಬರಿಗೆ ಹೇಳಿಕೊಟ್ಟ ಹಾಗೇ ಹೇಳಿಕೊಟ್ಟ. ಮೊದಲು ಬರಿಗೈಲಿ ಜಾಗ ಸುತ್ತಾಡಿ ಕಲ್ಲು, ಗಾಜು, ತಂತಿ ಆರಿಸಬೇಕು, ಇಲ್ಲದಿದ್ದರೆ ಅವು ಕವಣೆ ಕಲ್ಲಿನಂತೆ ಹಾರುತ್ತವೆ. ಸುತ್ತ ಹದಿನೈದು ಮಾರು ಯಾರೂ ನಿಲ್ಲಬಾರದು. ಬಟ್ಟಲನ್ನು ಹುಲ್ಲಿಗೆ ಒತ್ತಬಾರದು, ಕತ್ತರಿಸುವುದು ದಾರದ ತುದಿ, ಅದಕ್ಕೇ ಕೆಲಸ ಬಿಡಬೇಕು. ಬಲದಿಂದ ಎಡಕ್ಕೆ ಬೀಸಿ ಒಂದು ಹೆಜ್ಜೆ ಮುಂದೆ, ಮತ್ತೆ ಬೀಸು. ಎತ್ತರದ ಹುಲ್ಲಾದರೆ ಮೊದಲು ಮೇಲಿನ ಅರ್ಧ, ಆಮೇಲೆ ಬುಡ. ಏನಾದರೂ ಸಿಕ್ಕಿಕೊಂಡರೆ ಎಂಜಿನ್ ಆಫ್ ಮಾಡಿ, ಬಟ್ಟಲು ನಿಂತ ಮೇಲೇ ಕೈ. ಕೊನೆಗೆ ಇನ್ನೊಂದು ಮಾತು ಹೇಳಿದ. ಗಿಡದ ಬುಡಕ್ಕೆ ಒಯ್ಯಬ್ಯಾಡ, ಒಂದು ಗೇಣು ಬಿಟ್ಟು ಕೈಯಿಂದ ಕೀಳು. ನಾನು ತಲೆ ಆಡಿಸಿದೆ. ಮಕ್ಕಳು ಪಾಠ ಕೇಳುವಾಗ ಹೇಗೆ ತಲೆ ಆಡಿಸುತ್ತಾರೆ ಎಂದು ಮೂವತ್ತು ವರ್ಷ ನೋಡಿದವಳು ನಾನು, ಅದೇ ರೀತಿ ಆಡಿಸಿದೆ.

ಮಷಿನ್ ವಿನೋಬನಗರಕ್ಕೆ ಬಂತು. ಮೊದಲ ವಾರವೇ ಬಟ್ಟಲೊಳಗಿನ ದಾರ ಮುಗಿಯಿತು, ಹೊಸದು ಸುತ್ತಬೇಕಾಯಿತು. ನಾನು ಸುತ್ತಿದ್ದು ಒಂದರ ಮೇಲೊಂದು ಏರಿ, ಒಳಗೇ ಸಿಕ್ಕಾಗಿ, ದಾರ ಹೊರಗೆ ಬರಲಿಲ್ಲ. ಬಿಚ್ಚಿ ಮತ್ತೆ ಸುತ್ತಿದೆ. ಮತ್ತೆ ಸಿಕ್ಕು. ಜಗಲಿಯ ಮೇಲೆ ಕೂತು ನೋಡುತ್ತಿದ್ದ ಅತ್ತೆ ನನ್ನ ಕೈಯಿಂದ ದಾರ ಸುತ್ತುವ ಉರುಳೆಯನ್ನು ತೆಗೆದುಕೊಂಡರು. ಅದರ ಮೇಲೆ ಬಾಣದ ಗುರುತಿದೆ, ನಾನು ನೋಡಿಯೇ ಇರಲಿಲ್ಲ. ಬಾಣದ ದಿಕ್ಕಿಗೆ, ಒಂದು ಸುತ್ತಿನ ಪಕ್ಕಕ್ಕೆ ಇನ್ನೊಂದು, ಬಿಗಿಯಾಗಿ, ಒಂದೂ ದಾಟದ ಹಾಗೆ ಸುತ್ತಿದರು. ಮೂವತ್ತು ವರ್ಷ ಸುಮ್ಮನಿದ್ದ ಬೆರಳುಗಳು ಅವು. ಮುಗಿಸಿ ಹೆಬ್ಬೆರಳು ತೋರುಬೆರಳು ಕೂಡಿಸಿ ಕೈ ಮೇಲೆತ್ತಿದರು. ಎಂಜಿನ್ ಚಾಲೂ ಮಾಡಿದರೆ ದಾರ ಹಾಲಿನಂತೆ ಬಂತು. ಆಮೇಲಿಂದ ದಾರ ಸುತ್ತುವುದು ಅತ್ತೆಯ ಕೆಲಸ. ಅಪ್ಪಿತಪ್ಪಿ ನಾನು ಸುತ್ತಿದರೆ ನೋಡಿದ ಕೂಡಲೇ ಉಲ್ಟಾ ಎಂದು ಗೊತ್ತು ಹಚ್ಚಿಬಿಡುತ್ತಿದ್ದರು.

ಆ ದಿನವೇ ಡಬ್ಬಿಯಿಂದ ಹತ್ತಿ ತಂದು ನನ್ನ ಕಿವಿಗೆ ತುರುಕಿದರು. ಅಣ್ಣ ಅದಕ್ಕೆ ಬೇರೆ ಕಿವಿಮುಚ್ಚಿಗೆಯನ್ನೇ ಕೊಟ್ಟಿದ್ದ, ಬರೀ ಹತ್ತಿ ಸಾಲದು ಎಂದೂ ಹೇಳಿದ್ದ. ಅತ್ತೆಗೆ ಅದನ್ನು ಎಷ್ಟು ಕೂಗಿ ಹೇಳಿದರೂ ಕೇಳಿಸಲಿಲ್ಲ, ಅಥವಾ ಕೇಳಿಸಿಯೂ ಬಿಟ್ಟರು. ಹಾಗಾಗಿ ಒಳಗೆ ಅತ್ತೆಯ ಸಮಾಧಾನಕ್ಕೆ ಹತ್ತಿ, ಮೇಲೆ ಅಣ್ಣನ ಸಮಾಧಾನಕ್ಕೆ ಮುಚ್ಚಿಗೆ. ಎರಡೂ ಸೇರಿದರೆ ಆನೆಕೊಂಡದಲ್ಲಿ ನಾನೂ ಅತ್ತೆಯಷ್ಟೇ ಕಿವುಡಿ.

ಹೋದ ವರ್ಷ ಮಾವನವರ ವರ್ಷದ ಪೂಜೆಗೆ ಎರಡು ದಿನ ಮುಂಚೆ ನಾನೊಬ್ಬಳೇ ಹೋಗಿದ್ದೆ. ಹುಲ್ಲೆಲ್ಲ ಹೊಡೆದಾಯಿತು. ಸಸಿಯ ಸುತ್ತ ಒಂದು ಗೇಣು ಉಳಿದಿತ್ತು. ಅದನ್ನು ಅತ್ತೆಯೇ ಕೂತು ಕೈಯಿಂದ ಕೀಳುವ ರೂಢಿ. ಪೂಜೆಯ ದಿನ ಜನರೆದುರಿಗೆ ಮುದುಕಿ ಮತ್ತೆ ಕುಕ್ಕರಗಾಲಲ್ಲಿ ಕೂತು, ಮತ್ತೆ ಕಣ್ಣು ಕತ್ತಲಿಟ್ಟರೆ ಎಂದು ಯೋಚಿಸಿದೆ. ನನ್ನ ಮಂಡಿಯೂ ಕೂರಲು ಒಲ್ಲೆ ಎನ್ನುತ್ತಿತ್ತು, ಅದನ್ನೇಕೆ ಮುಚ್ಚಿಡಲಿ. ಇಷ್ಟೇ ತಾನೆ, ಹುಷಾರಾಗಿ ಮಾಡಿದರಾಯಿತು ಎಂದು ಮಷಿನ್ ಒಯ್ದೆ. ಎರಡು ಬೀಸು ಚೆನ್ನಾಗಿಯೇ ಹೋಯಿತು. ಮೂರನೆಯದಕ್ಕೆ ದಾರ ಕಾಂಡಕ್ಕೆ ಸುತ್ತಿಕೊಂಡು ಸರ್ರನೆ ತಿರುಗಿತು. ಸದ್ದೂ ಕೇಳಲಿಲ್ಲ. ಕನ್ನಡಕದ ಮೇಲೆ ಹಸಿರು ನೀರು ಚಿಮ್ಮಿತಷ್ಟೇ.

ಆಫ್ ಮಾಡಿ ನೋಡಿದರೆ, ಹೆಬ್ಬೆರಳು ದಪ್ಪದ ಕಾಂಡದ ತೊಗಟೆ ಬುಡದ ಹತ್ತಿರ ಸುಲಿದು ಬೆಳ್ಳಗೆ ಕಾಣುತ್ತಿತ್ತು. ಹಿಂದೆ ಒಂದು ಕಡೆ ಮಾತ್ರ ಕಿರುಬೆರಳಗಲ ತೊಗಟೆ ಉಳಿದಿತ್ತು. ಅಲ್ಲೇ ಕೂತು ಅಣ್ಣನಿಗೆ ಫೋನ್ ಮಾಡಿದೆ. ಅವನು ಬೈಯಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂತು. ಸುತ್ತಲೂ ಹೋಗಿದ್ದರೆ ಮುಗೀತಿತ್ತು, ಒಂದು ಪಟ್ಟಿ ಐತಲ್ಲ, ನೋಡೋಣ, ಕೆಮ್ಮಣ್ಣು ಸಗಣಿ ಕಲಸಿ ಮೆತ್ತಿ ಬಟ್ಟೆ ಸುತ್ತು, ಬದುಕೈತೋ ಇಲ್ಲೋ ಚಿಗುರು ಬಂದ ಮೇಲೇ ಹೇಳಬೇಕು ಎಂದ. ಹಾಗೇ ಮಾಡಿದೆ. ಹಳೆ ಹತ್ತಿ ಸೀರೆಯ ಪಟ್ಟಿ ಹರಿದು ಸುತ್ತಿ, ಅದರ ಮೇಲೆ ಹುಲ್ಲು ಪೇರಿಸಿ ಮುಚ್ಚಿದೆ. ಎಮ್ಮೆಯ ಪುಟ್ಟಿಗೆ ಮಾಡುತ್ತಿದ್ದ ಕೆಲಸವೇ, ಐವತ್ತು ವರ್ಷದಲ್ಲಿ ಏನೂ ಕಲಿತಿರಲಿಲ್ಲ.

ಪೂಜೆಯ ದಿನ ಜನ, ಹೂವು, ವಿಭೂತಿ, ಊದುಬತ್ತಿಯ ನಡುವೆ ಹುಲ್ಲಿನ ಗುಡ್ಡೆ ಯಾರ ಕಣ್ಣಿಗೂ ಬೀಳಲಿಲ್ಲ. ಮುಂದಿನ ಸೋಮವಾರ ಮಳೆ ಬಂತು, ಹೋಗುವುದು ಬ್ಯಾಡ ಎಂದೆ. ಅದರ ಮುಂದಿನ ಸೋಮವಾರ ಮಳೆ ಬರಲಿಲ್ಲ, ಆದರೂ ಬರುತ್ತದಂತೆ ಎಂದೆ. ಅತ್ತೆ ಆಕಾಶ ನೋಡಿದರು, ನನ್ನ ಮುಖ ನೋಡಿದರು. ನಾನು ಮಾತ್ರ ದಿನಾ ಬೆಳಗ್ಗೆ ಕಾಯಿಪಲ್ಯೆ ತರುವ ನೆಪದಲ್ಲಿ ಆನೆಕೊಂಡಕ್ಕೆ ಹೋಗಿ ಸಸಿ ನೋಡಿ ಬರುತ್ತಿದ್ದೆ. ಎಲೆಗಳು ಹಳದಿಯಾಗಿ ಒಂದೊಂದೇ ಉದುರುತ್ತಿದ್ದವು. ಮಾವನವರು ಹೋದ ಮೇಲೆ ಆ ಹೆಂಗಸು ಬಾಯಿಬಿಟ್ಟು ಅತ್ತದ್ದನ್ನು ನಾನು ನೋಡಿಲ್ಲ. ಅವರ ದುಃಖವೆಲ್ಲ ಐದು ಲೀಟರ್ ಕ್ಯಾನಿನಲ್ಲಿ ಆ ಬುಡಕ್ಕೆ ಹೋಗಿತ್ತು. ಅದು ಒಣಗಿದರೆ ಅವರು ಸೋಮವಾರ ಎಲ್ಲಿಗೆ ಹೋಗಬೇಕು?

ಮೂರನೆಯ ಸೋಮವಾರ ಅವರು ನನ್ನನ್ನು ಕೇಳದೆಯೇ ಆಟೋ ನಿಲ್ಲಿಸಿದರು. ನಾನೂ ಹತ್ತಿದೆ. ದಾರಿಯಲ್ಲಿ ಹೇಳಿಬಿಡಬೇಕೆಂದು ಬಾಯಿ ತೆರೆದೆ, ಆಟೋದ ಸದ್ದಿಗೆ ಅದು ಅವರಿಗೆ ಮುಟ್ಟಲಿಲ್ಲ. ಅಲ್ಲಿ ಇಳಿದು ನೋಡಿದರೆ ಗಾಳಿಗೆ ಹುಲ್ಲು ಹಾರಿ ಸೀರೆಪಟ್ಟಿ ಬಯಲಾಗಿ ನಿಂತಿತ್ತು. ಸಸಿಯಲ್ಲಿ ನಾಲ್ಕು ಎಲೆ ಉಳಿದಿದ್ದವು. ಅತ್ತೆ ಕ್ಯಾನು ಕೆಳಗಿಟ್ಟರು.

"ಇದಕ್ಕೇನಾಗೈತೆ?" ಎಂದು ಕೇಳಿದರು.

ಕ್ಯಾನು ಇಳಿಸಲು ಬಂದಿದ್ದ ಆಟೋದವರು ನೋಡಿ, ಮ್ಯಾಕೆ ತಿಂದಿರಬೇಕು ಬಿಡ್ರಿ ಎಂದರು. ದೇವರಾಣೆ, ಆ ಮೇಕೆಯನ್ನು ನಾನು ಅಪ್ಪಿಕೊಳ್ಳುವುದರಲ್ಲಿದ್ದೆ. ಸುಳ್ಳಿಗೆ ಬರೀ ತಲೆ ಆಡಿಸಿದರೆ ಸಾಕಿತ್ತು. ನಿಜವನ್ನಾದರೆ ಕೂಗಿ ಹೇಳಬೇಕು. ಪಕ್ಕದ ಸೈಟಿನಲ್ಲಿ ಗಾರೆ ಕೆಲಸದವರು ಏಳೆಂಟು ಜನ ಇದ್ದರು. ತಪ್ಪನ್ನು ಕಿವಿಯಲ್ಲಿ ಪಿಸುಗುಟ್ಟಿ ಕಾಲು ಹಿಡಿಯುವ ಅನುಕೂಲ ಎಲ್ಲ ಸೊಸೆಯರಿಗೂ ಇರುತ್ತದೆ, ನನಗಿರಲಿಲ್ಲ.

"ಅತ್ತೇ, ಮಷಿನ್ನಾಗ ನಾನೇ ಸೀಳಿದೆ" ಎಂದು ಕೂಗಿದೆ.

ಅವರು ಕಿವಿಗೆ ಕೈ ಅಡ್ಡ ಹಿಡಿದರು. ಮತ್ತೆ ಕೂಗಿದೆ. ನಾನೇ ಸೀಳಿದೆ, ನಿಮಗೆ ಹೇಳ್ದೇ ಮುಚ್ಚಿಟ್ಟೆ, ತಪ್ಪಾತು. ಗಾರೆಯವರು ಕರಣೆ ನಿಲ್ಲಿಸಿದರು. ನನ್ನ ದನಿ ಕೊನೆಯ ಮಾತಿಗೆ ಒಡೆಯಿತು, ಇಡೀ ಬಯಲಿಗೆ ಕೇಳಿಸಿತು.

ಅತ್ತೆ ಕಲ್ಲು ಹಿಡಿದುಕೊಂಡು ನಿಧಾನಕ್ಕೆ ಕೂತರು. ಪಟ್ಟಿ ಬಿಚ್ಚಿದರು. ಗಾಯದ ಅಂಚಿನಗುಂಟ ಬೆರಳಾಡಿಸಿದರು. ಆಮೇಲೆ ಬಿಚ್ಚಿದ ಪಟ್ಟಿಯನ್ನು ನನ್ನ ಮುಖದ ಮುಂದೆ ಹಿಡಿದು, "ಮ್ಯಾಲಿಂದ ಕೆಳಗ ಸುತ್ತಿದೀಯಲ್ಲ, ಮಳಿನೀರು ಒಳಗ ಇಳಿದೈತಿ. ಇದೂ ಉಲ್ಟಾನಾ?" ಎಂದರು.

ಬುಡದಿಂದ ಶುರುಮಾಡಿದರು. ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು, ನೀರು ಬಿದ್ದರೆ ಹೊರಗಿನಿಂದಲೇ ಜಾರಿಹೋಗುವಂತೆ, ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಉರುಳೆಗೆ ದಾರ ಸುತ್ತಿದ್ದ ಅದೇ ಕೈ. ನಾನು ಕೆಮ್ಮಣ್ಣು ಕಲಸಿ ಕಲಸಿ ಕೊಟ್ಟೆ. ಕೊನೆಯ ಗಂಟು ಹಾಕಿ ಅವರು ನನ್ನ ಕಡೆ ತಿರುಗಿದರು. ಕಣ್ಣು ಒದ್ದೆಯಾಗಿತ್ತು. ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ, ಮಣ್ಣು ಮೆತ್ತಿದ ಕೈಯನ್ನು ತಲೆಯ ಮೇಲಕ್ಕೆ ಎತ್ತಿದರು.

ಜೀವನದಲ್ಲಿ ನನ್ನನ್ನು ಎಷ್ಟೋ ಜನ ಕ್ಷಮಿಸಿದ್ದಾರೆ, ಕ್ಷಮಿಸಿದ್ದನ್ನು ಆಗಾಗ ನೆನಪಿಸಿಯೂ ಇದ್ದಾರೆ. ಅತ್ತೆ ಆ ಮಾತನ್ನು ಮತ್ತೆ ಎತ್ತಲೇ ಇಲ್ಲ. ಇಪ್ಪತ್ತಾರು ವರ್ಷ ದಿನಕ್ಕೆ ನೂರಾರು ಎಳೆ ಹರಿಯುವುದನ್ನು ನೋಡಿದವರು ಅವರು, ಹರಿದದ್ದರ ಮುಂದೆ ನಿಂತು ಗೊಣಗುವ ಅಭ್ಯಾಸ ಅವರಿಗಿಲ್ಲ. ನಾನು ಅವರ ಋಣ ತೀರಿಸಲಾರೆ, ತೀರಿಸಬೇಕೆಂದೂ ಇಲ್ಲ.

ಸಸಿ ಬದುಕಿತು. ಮುಂದಿನ ಬೇಸಿಗೆಯಲ್ಲಿ ಗಾಯದ ಮೇಲುಗಡೆಯೇ ಮೂರೆಲೆಯ ಚಿಗುರು ಬಂತು. ಈಗ ನನ್ನ ತಲೆಗಿಂತ ಎತ್ತರವಿದೆ. ಬುಡಕ್ಕೆ ಅಣ್ಣ ಒಂದು ಪಿ.ವಿ.ಸಿ. ಪೈಪನ್ನು ಉದ್ದಕ್ಕೆ ಸೀಳಿ ಅಂಗಿಯಂತೆ ತೊಡಿಸಿ ಹೋಗಿದ್ದಾನೆ. ಅಷ್ಟಾದರೂ ನಾನು ಒಂದು ಗೇಣು ದೂರದಲ್ಲೇ ಮಷಿನ್ ನಿಲ್ಲಿಸುತ್ತೇನೆ. ಆ ಗೇಣಿನ ಹುಲ್ಲನ್ನು ಅತ್ತೆ ಒಂದು ಸ್ಟೂಲಿನ ಮೇಲೆ, ನಾನು ಇನ್ನೊಂದರ ಮೇಲೆ ಕೂತು ಕೀಳುತ್ತೇವೆ. ಅವರು ಸಸಿಗೆ ಮನೆಯ ಸುದ್ದಿ ಹೇಳುತ್ತಾರೆ, ನಾನು ಕಿವಿಯ ಹತ್ತಿ ತೆಗೆದು ಕೇಳುತ್ತೇನೆ. ಹತ್ತಿ ತೆಗೆದ ಕೂಡಲೇ ಹಕ್ಕಿ, ರಸ್ತೆಯ ಹಾರನ್, ಗಾರೆಯವರ ರೇಡಿಯೋ ಎಲ್ಲ ಒಟ್ಟಿಗೆ ನುಗ್ಗಿಬರುತ್ತವೆ. ಅತ್ತೆಗೆ ಹಾಗೆ ತೆಗೆಯಲು ಏನೂ ಇಲ್ಲ ಎಂದು ಪ್ರತಿ ಸಲವೂ ನೆನಪಾಗುತ್ತದೆ.

ಮೊನ್ನೆ ಸೋಮವಾರ ಆನೆಕೊಂಡಕ್ಕೆ ಹೊರಡುವ ಹೊತ್ತಿಗೆ ದೇವರ ಗೂಡಿನ ಬಳಿ ಹೋದೆ. ದೀಪ ಇನ್ನೂ ಹಚ್ಚಿರಲಿಲ್ಲ. ಅತ್ತೆ ಡಬ್ಬಿ ತೆರೆದು ಹತ್ತಿ ಹಿಂಜುತ್ತಿದ್ದರು. ತಟ್ಟೆಯಲ್ಲಿ ಬತ್ತಿ ಒಂದೂ ಇರಲಿಲ್ಲ, ಎರಡು ದುಂಡನೆ ಉಂಡೆಗಳಿದ್ದವು. ಪೂಜೆಗೆ ಹೊತ್ತಾಯಿತು, ದೇವರದು ಮೊದಲು ಆಗಲಿ, ನನ್ನದು ನಾನು ಮಾಡಿಕೊಳ್ಳುತ್ತೇನೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ. ಅತ್ತೆ ಉಂಡೆಗಳನ್ನು ನನ್ನ ಅಂಗೈಗೆ ಹಾಕಿ ಬೆರಳು ಮಡಚಿದರು.

"ಮೊದ್ಲು ನಿನ್ನವು. ದೇವ್ರು ಕಾಯ್ತಾನೆ, ಕಿವಿ ಕಾಯಂಗಿಲ್ಲ."